ಮರಗಳು ಇನ್ನೂ ಬೋಳಾಗಿರುವಾಗ ವಸಂತದ ಸುಳಿವುಗಳನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ
ಸುಮಾರು 50 ಡಿಗ್ರಿ ಉತ್ತರ ಅಕ್ಷಾಂಶದ, ಹಿಮ ಬೀಳುವ ಊರಿನಲ್ಲಿ ನೆಲೆಸಿದ್ದೇನೆ. ಫೆಬ್ರವರಿ ಮುಗಿಯುತ್ತ ಬಂದರೂ ಒಂದು ಮರದಲ್ಲೂ ಚಿಗುರು ಕಾಣುತ್ತಿಲ್ಲ. ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತದೆ. ಆದರೂ ಇಲ್ಲಿನವರು ವಸಂತ ಶುರುವಾಯಿತೆಂದು ಸಂಭ್ರಮಿಸುತ್ತಾರೆ. ಅವರು ಏನನ್ನು ನೋಡಿ ಹಾಗೆನ್ನುತ್ತಾರೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1
ಮರಗಳನ್ನು ಬಿಟ್ಟು ಮೊದಲು ನೆಲವನ್ನು ನೋಡಿ. ಎಲೆಯುದುರಿದ ಮರಗಳ ಬುಡದಲ್ಲಿ ಬಿಸಿಲು ನೇರವಾಗಿ ನೆಲಕ್ಕೆ ಬೀಳುವ ಈ ಕೆಲವೇ ವಾರಗಳನ್ನು, ಗೆಡ್ಡೆಯಲ್ಲಿ ಆಹಾರ ಕೂಡಿಟ್ಟುಕೊಂಡ ಸಸ್ಯಗಳು ಪೂರ್ತಿಯಾಗಿ ಬಳಸಿಕೊಳ್ಳುತ್ತವೆ. ಸ್ನೋಡ್ರಾಪ್ ಅವುಗಳಲ್ಲಿ ಮುಂಚೂಣಿಯದು. ಅದರ ಎಲೆಯ ತುದಿ ಗಡುಸಾಗಿರುವುದರಿಂದ ಹೆಪ್ಪುಗಟ್ಟಿದ ಮಣ್ಣನ್ನೂ ಸೀಳಿಕೊಂಡು ಮೇಲೆ ಬರುತ್ತದೆ. ತಲೆ ಬಾಗಿಸಿದ ಹೂವನ್ನು ಬೆರಳಿನಿಂದ ಮೆಲ್ಲಗೆ ಎತ್ತಿದರೆ, ಹೊರಗಿನ ಮೂರು ಅಚ್ಚ ಬಿಳಿ ಎಸಳುಗಳ ಒಳಗೆ ಹಸಿರು ಗುರುತಿರುವ ಮೂರು ಚಿಕ್ಕ ಎಸಳುಗಳು ಕಾಣಿಸುತ್ತವೆ. ಇದರ ಬೆನ್ನಿಗೇ ಬರುವ ಕ್ರೋಕಸ್ ಬಿಸಿಲಿಗೆ ಅರಳಿ, ಚಳಿಯಾದೊಡನೆ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಅದನ್ನು ನೋಡಲು ಮಧ್ಯಾಹ್ನವೇ ಹೋಗಿ.

ಉತ್ತರ 2
ನೆಲದ ಹೂಗಳನ್ನು ಎಲ್ಲರೂ ಹೇಳುತ್ತಾರೆ, ಆದರೆ ನನ್ನ ಮಟ್ಟಿಗೆ ಹೇಜಲ್ ಗಿಡವೇ ಹೆಚ್ಚು ಸೊಗಸು. ಅದರ ಗಂಡು ಹೂಗೊಂಚಲುಗಳು ಹಿಂದಿನ ವರ್ಷವೇ ಮೂಡಿ, ಚಳಿಗಾಲವಿಡೀ ಬಿಗಿಯಾಗಿದ್ದು, ಈಗ ಸಡಿಲಗೊಂಡು ಹಳದಿ ಜಾಲರಿಯಂತೆ ಜೋತುಬೀಳುತ್ತವೆ. ಪರಾಗವನ್ನು ಗಾಳಿಯೇ ಒಯ್ಯಬೇಕಾಗಿರುವುದರಿಂದ ಎಲೆಗಳ ಅಡ್ಡಿ ಇಲ್ಲದ ಈ ಕಾಲವೇ ಅದಕ್ಕೆ ಅನುಕೂಲ. ಅದೇ ಕೊಂಬೆಯಲ್ಲಿ ಮೊಗ್ಗಿನಂತಿರುವ ಹೆಣ್ಣು ಹೂವನ್ನು ಹುಡುಕಿ: ತುದಿಯಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಕಡುಗೆಂಪು ಎಳೆಗಳಷ್ಟೇ ಇರುತ್ತವೆ, ಪಕ್ಕದಲ್ಲೇ ನಡೆದು ಹೋಗುವವರಿಗೂ ಅವು ಕಾಣುವುದಿಲ್ಲ. (ಪರಾಗದ ಅಲರ್ಜಿ ಇರುವವರಿಗೆ ಮಾತ್ರ ವಸಂತದ ಸುದ್ದಿ ಮೂಗಿನಿಂದಲೇ ತಲುಪುತ್ತದೆ.)

ಉತ್ತರ 3
ಕಿವಿಯನ್ನು ಮರೆಯಬೇಡಿ. ನಿಮ್ಮ ಅಕ್ಷಾಂಶದಲ್ಲಿ ಡಿಸೆಂಬರ್ ಕೊನೆಯಲ್ಲಿ ಸುಮಾರು 8 ಗಂಟೆಯಷ್ಟಿದ್ದ ಹಗಲು ಫೆಬ್ರವರಿ ಮುಗಿಯುವ ಹೊತ್ತಿಗೆ 11 ಗಂಟೆಯ ಸಮೀಪಕ್ಕೆ ಬಂದಿರುತ್ತದೆ. ಹಕ್ಕಿಗಳ ಹಾಡಿಗೆ ಮುಖ್ಯ ಪ್ರೇರಣೆ ಬೆಚ್ಚನೆಯ ಗಾಳಿಯಲ್ಲ, ಹೀಗೆ ಹಿಗ್ಗುವ ಹಗಲು. ಆದ್ದರಿಂದಲೇ ಕೊರೆಯುವ ಬೆಳಗಿನಲ್ಲೂ ಅವು ಹಾಡುತ್ತವೆ. ನೀವಿರುವುದು ಯುರೋಪಿನಲ್ಲಾದರೆ, ಗ್ರೇಟ್ ಟಿಟ್ ಹಕ್ಕಿ ಎರಡೇ ಸ್ವರಗಳನ್ನು ಮತ್ತೆ ಮತ್ತೆ ಕೂಗುವುದನ್ನು ಸುಲಭವಾಗಿ ಗುರುತಿಸಬಹುದು. ಬಿಸಿಲೇರಿದ ದಿನ ದಪ್ಪನೆಯ ಬಂಬಲ್‌ಬೀ (ಜೇನುನೊಣದ ಬಳಗದ ಕೀಟ) ಒಂದು ನೆಲಕ್ಕೆ ತಾಗುವಂತೆ ಅತ್ತಿತ್ತ ಹಾರುತ್ತಿದ್ದರೆ, ಅದು ಚಳಿಗಾಲವನ್ನು ಮಣ್ಣಿನೊಳಗೆ ಕಳೆದು ಬಂದ ರಾಣಿ. ಗೂಡಿಗೆ ಬಿಲ ಹುಡುಕುತ್ತಿರುತ್ತದೆ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದಗಳು. ಮಾರ್ಚಿನಲ್ಲಿ ಮತ್ತೆ ಹಿಮ ಬಿದ್ದರೆ ಇವೆಲ್ಲ ಹಾಳಾಗುವುದಿಲ್ಲವೇ?

ಉತ್ತರ 1
ಸ್ನೋಡ್ರಾಪ್ ಹೂಗಳು ಕಡುಚಳಿಗೆ ನೆಲಕ್ಕೊರಗಿ, ಬಿಸಿಲು ಬಂದಾಗ ಮತ್ತೆ ಎದ್ದು ನಿಲ್ಲುತ್ತವೆ. ಅರಳಿದ ಮ್ಯಾಗ್ನೋಲಿಯಾ ಹಾಗಲ್ಲ, ಒಂದೇ ರಾತ್ರಿಯ ಹಿಮಕ್ಕೆ ಅದರ ಎಸಳುಗಳು ಕಂದುಬಣ್ಣಕ್ಕೆ ತಿರುಗಬಹುದು. ಅದು ಅರಳಿದ ದಿನವೇ ಹೋಗಿ ನೋಡಿಬಿಡಿ.