ಬಿಸಿಆರ್-ಎಬಿಎಲ್ ಸ್ಯಾಂಪಲ್ ಪದೇ ಪದೇ ವಾಪಸ್, ಎಲ್ಲಿ ತಪ್ಪುತ್ತಿದೆ?

ಬದಿಯಡ್ಕ ಲ್ಯಾಬ್:
ಕಾಸರಗೋಡಿನಲ್ಲಿ ತೆಗೆದ ಸಿಎಂಎಲ್ (ಒಂದು ಬಗೆಯ ರಕ್ತ ಕ್ಯಾನ್ಸರ್) ರೋಗಿಗಳ ರಕ್ತ ಬಿಸಿಆರ್-ಎಬಿಎಲ್ ಜೀನಿನ ಟೆಸ್ಟಿಗೆಂದು ಮಂಗಳೂರಿಗೆ ಹೋಗಿ, ಅಲ್ಲಿಂದ ದೊಡ್ಡ ಲ್ಯಾಬಿಗೆ ಹೋಗುತ್ತದೆ. ಶನಿವಾರ ಕಳಿಸಿದ್ದಕ್ಕೆ ಹೆಚ್ಚಾಗಿ "ಎಬಿಎಲ್1 ಕಾಪಿ 3,200, ಪುನಃ ರಕ್ತ ಕಳಿಸಿ" ಎಂದು ಬರುತ್ತದೆ. (ಎಬಿಎಲ್1 ಎಂದರೆ ಹೋಲಿಕೆಗೆ ಎಣಿಸುವ ಜೀನ್.) ಕಳಿಸುವುದು ನೇರಳೆ ಮುಚ್ಚಳದ 4 ಎಂಎಲ್ ಟ್ಯೂಬ್ ಒಂದು. ಇನ್ನೊಬ್ಬರದ್ದು ಶುರುವಿನ ವರದಿಯೇ ಸೊನ್ನೆ, ಫಿಶ್ (ಕ್ರೋಮೋಸೋಮ್ ನೋಡುವ ಟೆಸ್ಟ್) ಮಾತ್ರ ಪಾಸಿಟಿವ್. ಎರಡೂ ಸರಿ ಇರಬಹುದಾ?

ಆರ್‌ಎನ್‌ಎ ಬೆಂಚ್:
ರಕ್ತ ಸಾಲದು, ಹೊತ್ತೂ ಹೆಚ್ಚಾಯಿತು. ಇಲ್ಲಿ ಎಣಿಸುವುದು ಬಿಳಿ ಕಣದೊಳಗಿನ ಆರ್‌ಎನ್‌ಎ. 9 ಮತ್ತು 22ನೇ ಕ್ರೋಮೋಸೋಮುಗಳ ತುಂಡು ಅದಲುಬದಲಾಗಿ ಹುಟ್ಟಿದ ಬಿಸಿಆರ್-ಎಬಿಎಲ್ ಜೀನ್, ಬಿಸಿಆರ್‌ನ ಪ್ರೊಮೋಟರಿನ (ಜೀನನ್ನು ಚಾಲೂ ಮಾಡುವ ಭಾಗ) ಅಡಿಯಲ್ಲಿ ನಡೆಯುತ್ತಲೇ ಇರುತ್ತದೆ. ಇಮ್ಯಾಟಿನಿಬ್ ಮಾತ್ರೆ ಕಟ್ಟಿಹಾಕುವುದು ಅದರಿಂದ ಆಗುವ ಕೈನೇಸ್ ಎಂಬ ಕಿಣ್ವವನ್ನು, ಜೀನನ್ನಲ್ಲ. ಕಣ ಸತ್ತಾಗಲೇ ಅಂಕಿ ಇಳಿಯುವುದು.

ಚಿಕಿತ್ಸೆಯಲ್ಲಿರುವವರ ಬಿಳಿ ಕಣ ಮೈಕ್ರೋಲೀಟರಿಗೆ 4,000 ಇದ್ದರೆ 10 ಎಂಎಲ್‌ನಲ್ಲಿ ಸಿಗುವುದು 4 ಕೋಟಿ ಕಣ. 4 ಎಂಎಲ್‌ನಲ್ಲಿ ಅದು 1.6 ಕೋಟಿ, ದಾರಿಯಲ್ಲಿ ಇನ್ನಷ್ಟು ಆರ್‌ಎನ್‌ಎ ಹಾಳು. ಎಬಿಎಲ್1 10,000 ದಾಟಿದರೆ ಮಾತ್ರ 0.01% (ಎಬಿಎಲ್1ಗೆ ಹೋಲಿಸಿದ ಬಿಸಿಆರ್-ಎಬಿಎಲ್) ಮಟ್ಟದ ಮಾತಾಡಬಹುದು; 0.0032%ಕ್ಕೆ 32,000 ಬೇಕು. ಎಬಿಎಲ್1 ಬರೀ 3,200 ಇರುವಾಗ ಬಂದ "ಸಿಗಲಿಲ್ಲ"ವನ್ನು ರೋಗಿಗೆ ಒಳ್ಳೆ ಸುದ್ದಿಯಾಗಿ ಹೇಳಲೇಬೇಡಿ.

ಇಡಿಟಿಎ (ನೇರಳೆ ಮುಚ್ಚಳದ) ಟ್ಯೂಬಿನಲ್ಲಿ 10 ಎಂಎಲ್ ರಕ್ತ ತೆಗೆಯಿರಿ, ಟ್ಯೂಬನ್ನು 8-10 ಸಲ ಮೆಲ್ಲಗೆ ತಲೆಕೆಳಗು ಮಾಡಿ. ಹೆಪರಿನ್ ಟ್ಯೂಬ್ ಬೇಡ, ಅದು ಜೀನನ್ನು ನಕಲು ಮಾಡಿ ಎಣಿಸುವ ಪಿಸಿಆರ್‌ಗೇ ಅಡ್ಡಿ. 24 ಗಂಟೆಯೊಳಗೆ ತಲುಪಬೇಕು, ತೀರಾ ಆದರೆ 48. ಸೋಮವಾರದಿಂದ ಬುಧವಾರದೊಳಗೆ ತೆಗೆದರೆ ಭಾನುವಾರದ ರಗಳೆ ಇಲ್ಲ.

ಮಾಲಿಕ್ಯುಲರ್ ಹೆಮಾಟ್:
ಸೊನ್ನೆಯ ವಿಷಯ: ಎರಡೂ ಸರಿ ಇರಬಹುದು. ಸಾಮಾನ್ಯ ಕಿಟ್ ಹಿಡಿಯುವುದು ಇ13ಎ2, ಇ14ಎ2 ಎಂಬ ಎರಡು ಜೋಡಣೆಗಳನ್ನು, ಅಂದರೆ ಪಿ210 ಎಂಬ ಪ್ರೋಟೀನಿನದ್ದನ್ನು. ಇ1ಎ2, ಇ19ಎ2 ಅಥವಾ ಇ14ಎ3 ಇದ್ದರೆ ಪ್ರೈಮರ್ (ಟೆಸ್ಟಿನಲ್ಲಿ ಜೀನಿಗೆ ಅಂಟುವ ಚಿಕ್ಕ ತುಂಡು) ಕೂರುವ ಜಾಗವೇ ಇರುವುದಿಲ್ಲ, ಇಲ್ಲವೇ ಇ19ಎ2ದಂತೆ ಎರಡು ಪ್ರೈಮರುಗಳ ನಡುವೆ ದೂರ ಹೆಚ್ಚಾಗುತ್ತದೆ. ಫಿಶ್ ನೋಡುವುದು ಕ್ರೋಮೋಸೋಮನ್ನು, ಆದ್ದರಿಂದ ಅದಕ್ಕೆ ಕಂಡಿತು. ಮಲ್ಟಿಪ್ಲೆಕ್ಸ್ (ಹಲವು ಜೋಡಣೆ ಒಟ್ಟಿಗೆ ಹುಡುಕುವ) ಆರ್‌ಟಿ-ಪಿಸಿಆರ್ ಮಾಡಿಸಿ ಯಾವ ಜೋಡಣೆ ಎಂದು ತಿಳಿದುಕೊಳ್ಳಿ, ಮುಂದಕ್ಕೂ ಅದರದ್ದೇ ಟೆಸ್ಟ್ ಬೇಕು. ಲ್ಯಾಬುಗಳ ಅಂಕಿಯನ್ನು ಒಂದೇ ಅಳತೆಗೆ ತರುವ ಅಂತಾರಾಷ್ಟ್ರೀಯ ಸ್ಕೇಲಿನ ಶೇಕಡಾ ಲೆಕ್ಕ ಅವರಿಗೆ ಹೊಂದುವುದಿಲ್ಲ. ಅದು ಪಿ210ಕ್ಕೆ ಮಾತ್ರ.

ಹಾಗೆಯೇ 10%ಕ್ಕಿಂತ ಮೇಲಿನ ಅಂಕಿಗಳನ್ನು ಒಂದಕ್ಕೊಂದು ತೂಗಿ ನೋಡುವಾಗ ಜಾಗ್ರತೆ. ಎಬಿಎಲ್1 ಪ್ರೈಮರ್ ಬೆಸೆದ ಜೀನನ್ನೂ ಎಣಿಸುತ್ತದೆ, ಛೇದವೂ ಉಬ್ಬುತ್ತದೆ. ಚಿಕಿತ್ಸೆಯ 3 ತಿಂಗಳಿಗೆ 10% ದಾಟಿದ್ದರೆ ಮೊದಲು ಮಾತ್ರೆ ತಪ್ಪಿದೆಯಾ ಕೇಳಿ, ಟಿಬಿಯ ರಿಫಾಂಪಿಸಿನ್ ನಡೆಯುತ್ತಿದೆಯಾ ನೋಡಿ. ಅದು ಇಮ್ಯಾಟಿನಿಬ್ ಮಟ್ಟವನ್ನು ಚೆನ್ನಾಗಿಯೇ ತಗ್ಗಿಸುತ್ತದೆ. ಮಾತ್ರೆ ನಾಟದಂತೆ ಮಾಡುವ ಟಿ315ಐ ಮ್ಯುಟೇಶನ್ ಹುಡುಕುವುದು ಆಮೇಲೆ.

ಬದಿಯಡ್ಕ ಲ್ಯಾಬ್:
ಉಪಕಾರ ಆಯ್ತು ಸರ್. ಐಸ್ ಪ್ಯಾಕನ್ನು ಟ್ಯೂಬಿಗೆ ತಾಗಿಸಿಯೇ ಇಡುವುದು ನಾವು.

ಆರ್‌ಎನ್‌ಎ ಬೆಂಚ್:
ಅದನ್ನು ಇವತ್ತೇ ನಿಲ್ಲಿಸಿ. ರಕ್ತ ಮಂಜುಗಡ್ಡೆಯಾದರೆ ಕೆಂಪು ಕಣ ಒಡೆದು ಹೀಮ್ ಹೊರಬರುತ್ತದೆ, ಪಿಸಿಆರ್ ಕೆಡುತ್ತದೆ. ಬಿಳಿ ಕಣವನ್ನು ಬೇರ್ಪಡಿಸಲಿಕ್ಕೂ ಆಗುವುದಿಲ್ಲ. ನಡುವೆ ದಪ್ಪ ಥರ್ಮೋಕೋಲ್ ಇಡಿ. ಪೆಟ್ಟಿಗೆಯೊಳಗೆ 2-8 ಡಿಗ್ರಿ ಸಾಕು. ತೆಗೆದ ಗಂಟೆಯನ್ನು ಟ್ಯೂಬಿನ ಮೇಲೆಯೇ ಬರೆಯಿರಿ, ಫಾರ್ಮಿನಲ್ಲಿ ಮಾತ್ರ ಅಲ್ಲ.