ಮೈಕ್ರೋಅರೇ: ಹಸಿರು ಸರಿ ಉಂಟು, ಕೆಂಪು ಬರುದೇ ಇಲ್ಲ

ಬಲ್ಮಠ_ಬೆಂಚ್: ಎರಡು ಬಣ್ಣದ 4×44ಕೆ ಅರೇ (ಸಾವಿರಾರು ಜೀನ್‌ಗಳ ಚಟುವಟಿಕೆ ಒಟ್ಟಿಗೆ ಅಳೆಯುವ ಗಾಜಿನ ಸ್ಲೈಡ್; ಒಂದರಲ್ಲಿ ತಲಾ 44 ಸಾವಿರ ಚುಕ್ಕೆಗಳ ನಾಲ್ಕು ಅರೇ). ಹಸಿರು ಡೈ ಸೈ3 ಚಂದ ಬರ್ತದೆ, ಕೆಂಪು ಡೈ ಸೈ5 ತೀರಾ ಮಂಕು. ಎಲ್ಲ ಸ್ಲೈಡೂ ಹಾಗೆಯೇ. ಕಿಟ್ ಹೊಸತು, ಪ್ರೋಟೋಕಾಲ್ ಅದೇ. ತಲೆ ಕೆಟ್ಟುಹೋಗಿದೆ, ಯಾರಾದ್ರೂ ಹೇಳಿ.

ಕಾಪು_ಜೀನ್: ಆರ್‌ಎನ್‌ಎ ಹಾಳಾಗಿರ್ತದೆ. ಆರ್‌ಐಎನ್ (ಆರ್‌ಎನ್‌ಎ ತುಂಡಾಗದೆ ಎಷ್ಟು ಉಳಿದಿದೆ ಅನ್ನುವ 10ರೊಳಗಿನ ಅಂಕ) ಎಷ್ಟು?

ಬಲ್ಮಠ_ಬೆಂಚ್: ಎರಡೂ ಸ್ಯಾಂಪಲ್ 8ರ ಮೇಲೆ. ಶುದ್ಧತೆ ತೋರಿಸುವ 260/280 ಕೂಡ 2.0.

ಕಾಪು_ಜೀನ್: ಆದ್ರೂ ಒಂದು ಜೆಲ್ ಓಡಿಸಿ. ರೈಬೋಸೋಮ್ ಆರ್‌ಎನ್‌ಎಯ 28ಎಸ್ ಬ್ಯಾಂಡ್ 18ಎಸ್‌ಗಿಂತ ಸುಮಾರು ಎರಡು ಪಟ್ಟು ಗಾಢ ಇರ್ಬೇಕು.

ಮಣಿಪಾಲ_ಸ್ಲೈಡ್: ಆರ್‌ಎನ್‌ಎ ಕೆಟ್ರೆ ಕೆಂಪು ಮಾತ್ರ ಯಾಕೆ ಬೀಳ್ತದೆ ಮಾರಾಯ್ರೆ? ಬಣ್ಣ ಅದಲುಬದಲು ಮಾಡಿ ನೋಡಿ. ಆಗಲೂ ಸೈ5 ಬದಿಯೇ ಬಿದ್ರೆ ಡೈಯ ತೊಂದರೆ. ಅದೇ ಸ್ಯಾಂಪಲ್ ಬಿದ್ರೆ ಆರ್‌ಎನ್‌ಎಯದ್ದು. ಲೇಬಲ್ ಆದ ಮೇಲೆ ನ್ಯಾನೋಡ್ರಾಪ್‌ನಲ್ಲಿ 550 (ಸೈ3), 650 (ಸೈ5) ನ್ಯಾನೋಮೀಟರ್ ಬೆಳಕಿನ ಹೀರುವಿಕೆ ನೋಡಿದ್ರಾ? ಒಂದು ಮೈಕ್ರೋಗ್ರಾಂ ಸಿಆರ್‌ಎನ್‌ಎಗೆ (ಸ್ಯಾಂಪಲ್ ಆರ್‌ಎನ್‌ಎಯಿಂದ ಮಾಡಿದ ಡೈ ಹಚ್ಚಿದ ಪ್ರತಿ) 6 ಪಿಕೋಮೋಲ್‌ಗಿಂತ ಹೆಚ್ಚು ಡೈ ಬೇಕು.

ಬಲ್ಮಠ_ಬೆಂಚ್: ಸೈ3 11, ಸೈ5 10. ಸಿಆರ್‌ಎನ್‌ಎ ತಲಾ 825 ನ್ಯಾನೋಗ್ರಾಂ, ಹೈಬ್ರಿಡೈಸೇಶನ್ (ಸ್ಲೈಡಿಗೆ ಕೂರಿಸುದು) 65 ಡಿಗ್ರಿ, 17 ಗಂಟೆ.

ಸುರತ್ಕಲ್_ಸೀಕ್: ಈಗಲೂ ಅರೇ ಎಂತಕ್ಕೆ? ಆರ್‌ಎನ್‌ಎ-ಸೀಕ್ (ಆರ್‌ಎನ್‌ಎಯ ಅಕ್ಷರಗಳನ್ನೇ ನೇರ ಓದುದು) ಮಾಡಿ. ನಮ್ಮ ಸರ್ವರ್ 512 ಜಿಬಿ ರ‍್ಯಾಮ್‌ನದ್ದು, ಓದಿದ ತುಂಡುಗಳನ್ನು ಜೀನೋಮ್‌ಗೆ ಹೊಂದಿಸುವ ಅಲೈನ್‌ಮೆಂಟ್ ಗೊತ್ತಾಗುದೇ ಇಲ್ಲ.

ಮಣಿಪಾಲ_ಸ್ಲೈಡ್: ನಿಮ್ಮ ರ‍್ಯಾಮ್‌ನಿಂದ ಇವರ ಸ್ಲೈಡ್ ಕೆಂಪಾಗುದಿಲ್ಲ. ಹಳೇ ಅರೇ ಡೇಟಾದ ಜೊತೆ ಹೋಲಿಸ್ಲಿಕ್ಕೆ ಅರೇಯೇ ಬೇಕು.

ಬಲ್ಮಠದವರೇ, ಲೇಬಲಿಂಗ್ ಸರಿ ಉಂಟು. ಹಾಗಾದ್ರೆ ಡೈ ಹೋಗುದು ವಾಶ್‌ನಿಂದ ಸ್ಕ್ಯಾನ್‌ವರೆಗಿನ ದಾರಿಯಲ್ಲಿ. ಅದೇ ಸ್ಲೈಡನ್ನು ಕತ್ತಲಲ್ಲೇ, ಆದ್ರೆ ಗಾಳಿಗೆ ತೆರೆದು ಅರ್ಧ ಗಂಟೆ ಇಟ್ಟು ಮತ್ತೆ ಸ್ಕ್ಯಾನ್ ಮಾಡಿ. ಸೈ5 ಮಾತ್ರ ಇನ್ನಷ್ಟು ಇಳಿದ್ರೆ ಓಝೋನ್ ಅಂತಲೇ ಲೆಕ್ಕ. 5–10 ಪಿಪಿಬಿ (ನೂರು ಕೋಟಿಯಲ್ಲಿ 5–10 ಪಾಲು) ಓಝೋನ್ ಸಾಕು ಸೈ5 ಕೆಡ್ಲಿಕ್ಕೆ; ಸೈ3 ತಡೀತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದಷ್ಟು ಬೇಗ, ನಮ್ಮ ಜುಲೈ ತಿಂಗಳ ಕತೆ ಹೇಳುದೇ ಬೇಡ. ಲ್ಯಾಬಿನಲ್ಲಿ ಓಝೋನ್ ಬಿಡುವ ಲೇಸರ್ ಪ್ರಿಂಟರ್, ಯುವಿ ದೀಪ, ಅಯೊನೈಸರ್ ಎಂತಾದ್ರೂ ಉಂಟಾ?

ಬಲ್ಮಠ_ಬೆಂಚ್: ಬೂಸ್ಟು ವಾಸನೆಗೆ ಅಂತ ಜೂನ್‌ನಿಂದ ಅಯೊನೈಸರ್ ಇರುವ ಏರ್ ಪ್ಯೂರಿಫೈಯರ್ ಉಂಟು. ಸ್ಕ್ಯಾನರ್ ಪಕ್ಕದಲ್ಲೇ.

ಮಣಿಪಾಲ_ಸ್ಲೈಡ್: ಅಷ್ಟನ್ನು ಮೊದಲೇ ಬರೀಬಾರದಿತ್ತಾ! ಅದನ್ನು ಆಫ್ ಮಾಡಿ. ಹೆಪಾ ಫಿಲ್ಟರ್ ಓಝೋನ್ ಹಿಡಿಯುದಿಲ್ಲ, ಸಕ್ರಿಯ ಇದ್ದಿಲಿನ ಫಿಲ್ಟರ್ ಬೇಕು. ವಾಶ್ 2 ಆದ ಮೇಲೆ (37 ಡಿಗ್ರಿ, 1 ನಿಮಿಷ) ಫ್ಯೂಮ್ ಹುಡ್‌ನಲ್ಲಿ ಅಸಿಟೋನೈಟ್ರೈಲ್ 10 ಸೆಕೆಂಡ್, ಸ್ಟೆಬಿಲೈಸೇಶನ್ ದ್ರಾವಣ 30 ಸೆಕೆಂಡ್, ನಿಧಾನ ಎತ್ತಿ ಕೂಡಲೇ ಸ್ಕ್ಯಾನ್. ದ್ರಾವಣದಲ್ಲಿ ಹರಳು ಕೂತಿದ್ರೆ ಮುಚ್ಚಿದ ಬಾಟಲಿಯನ್ನೇ 40 ಡಿಗ್ರಿ ನೀರಿನಲ್ಲಿಟ್ಟು ಕರಗಿಸಿ. ಹಾಟ್‌ಪ್ಲೇಟ್ ಬೇಡ, ಬೆಂಕಿ ಹಿಡೀತದೆ.

ಕಾಪು_ಜೀನ್: ಇಷ್ಟೆಲ್ಲ ಯಾಕೆ, ಸ್ಕ್ಯಾನರ್‌ನ ಪಿಎಂಟಿ (ಬೆಳಕನ್ನು ಹಿಗ್ಗಿಸುವ ಭಾಗ) ಏರಿಸಿದ್ರೆ ಆಯ್ತಲ್ಲ?

ಮಣಿಪಾಲ_ಸ್ಲೈಡ್: ಹಿನ್ನೆಲೆಯೂ ಜೊತೆಗೇ ಏರ್ತದೆ. ಮಂದ ಸ್ಪಾಟ್‌ಗಳು ಅದರಲ್ಲೇ ಮುಳುಗ್ತವೆ, ಲೋಎಸ್ ನಾರ್ಮಲೈಸೇಶನ್ (ಎರಡು ಬಣ್ಣಗಳ ವ್ಯತ್ಯಾಸ ಸರಿದೂಗಿಸುವ ಲೆಕ್ಕ) ಮಾಡಿದ್ರೂ ಅವು ಸಿಗುದಿಲ್ಲ.

ಬಲ್ಮಠ_ಬೆಂಚ್: ಆಫ್ ಮಾಡಿ ಹಳೇ ಸ್ಲೈಡನ್ನೇ ಸ್ಕ್ಯಾನ್ ಮಾಡಿದೆ. ಕೆಂಪು ಹಾಗೆಯೇ ಮಂಕು.

ಮಣಿಪಾಲ_ಸ್ಲೈಡ್: ಹೋದ ಡೈ ಹಿಂದೆ ಬರುದಿಲ್ಲ. ಹೊಸ ಸ್ಲೈಡ್ ಹಾಕ್ಬೇಕು. −80ರಲ್ಲಿ ಸಿಆರ್‌ಎನ್‌ಎ ಉಳಿದಿದ್ರೆ ಸಾಕು, ಆದ್ರೆ ಫ್ರಾಗ್ಮೆಂಟ್ ಮಾಡಿದ್ದು (ತುಂಡರಿಸಿದ್ದು) ಬೇಡ. 650 ರೀಡಿಂಗ್ ಮತ್ತೊಮ್ಮೆ ನೋಡಿ ಹಾಕಿ.

ಸುರತ್ಕಲ್_ಸೀಕ್: ಡಿಹ್ಯೂಮಿಡಿಫೈಯರ್ ಯಾವುದು ಒಳ್ಳೇದು? ನಮ್ಮ ಸರ್ವರ್ ರೂಮಿಗೂ ಒಂದು ಬೇಕಿತ್ತು.