ಹೇಳಿಕೊಟ್ಟವರು ಯಾರೂ ಇರಲಿಲ್ಲ, ಚಿಕ್ಕಪ್ಪ

ಚಿಕ್ಕಪ್ಪ, ನಮಸ್ಕಾರ. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತ ಅಂಗನವಾಡಿ ಕಾರ್ಯಕರ್ತೆಯರ ಫೋಟೊ ಹಾಕಿ, "ಯಾರೋ ಹೇಳಿಕೊಟ್ಟು ಹೆಂಗಸರನ್ನು ಬೀದಿಗೆ ತಂದಿದ್ದಾರೆ" ಎಂದು ನೀವು ನಿನ್ನೆ ಬರೆದದ್ದನ್ನು ಓದಿ ನನಗೆ ನೋವಾಯಿತು. ನಾನೂ ಒಮ್ಮೆ ಹಾಗೆ ಬೀದಿಗೆ ಇಳಿದವಳು. ಅದನ್ನು ಈ ಗುಂಪಿನಲ್ಲಿ ಇದುವರೆಗೆ ಹೇಳಿರಲಿಲ್ಲ.

2016ರ ಏಪ್ರಿಲ್ 18ರಂದು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಮಷಿನ್ ನಿಲ್ಲಿಸಿ ಹೊಸೂರು ರಸ್ತೆಗೆ ಬಂದರು. ಅಲ್ಲಿಯವರೆಗೆ ಕೆಲಸ ಬಿಟ್ಟು ಎರಡು ತಿಂಗಳು ಕಳೆದರೆ ಪಿಎಫ್ (ಭವಿಷ್ಯ ನಿಧಿ) ಹಣ ಪೂರ್ತಿ ಕೈಗೆ ಸಿಗುತ್ತಿತ್ತು. ಮಾಲೀಕರು ಕಟ್ಟಿದ ಪಾಲನ್ನು ಇನ್ನು 58 ವರ್ಷ ತುಂಬುವವರೆಗೆ ಮುಟ್ಟುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ಫೆಬ್ರುವರಿಯಲ್ಲಿ ಆದೇಶ ಹೊರಡಿಸಿತ್ತು. ಗಂಟೆಗೆ ಇಷ್ಟು ಕಾಲರ್ ಎಂದು ಸೂಪರ್‌ವೈಸರಿಗೆ ಲೆಕ್ಕ ಒಪ್ಪಿಸುತ್ತಾ, ನೀರು ಕುಡಿದರೆ ಟಾಯ್ಲೆಟ್ಟಿಗೆ ಏಳಬೇಕಾಗುತ್ತದೆಂದು ಬಾಯಾರಿಕೆಯನ್ನೇ ನುಂಗಿಕೊಳ್ಳುವ ನಮ್ಮ ಲೈನಿನಲ್ಲಿ ನಲವತ್ತೈದು ದಾಟಿದವರೇ ಅಪರೂಪವಾಗಿದ್ದರು. 58ರವರೆಗೆ ಕಾಯಬೇಕಾದವರು ಯಾರು?

ನನ್ನ ಪಕ್ಕದ ಮಷಿನ್‌ನವಳು ಪಿಎಫ್ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಊಟದ ಬ್ಯಾಗಿನ ಒಳಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದಳು. ಸಂಬಳದ ಎಟಿಎಂ ಕಾರ್ಡ್ ಗಂಡನ ಬಳಿ ಇತ್ತು. ಅವನ ಕೈಗೆ ಸಿಗದೆ ಉಳಿದಿದ್ದ ಹಣ ಅದೊಂದೇ. ಮಗಳ ಕಾಲೇಜಿನ ಫೀಸಿಗೆಂದು ಅದನ್ನು ಮೀಸಲಿಟ್ಟು, ತಿಂಗಳು ತಿಂಗಳು ಕೂಡಿಸಿ ನೋಡುತ್ತಿದ್ದವಳಿಗೆ ಹೊಸ ನಿಯಮವನ್ನು ಬಿಡಿಸಿ ಹೇಳಲು ನಾಯಕರು ಬೇಕಿತ್ತೇ? ಅಂದು ನಮ್ಮ ಮುಂದೆ ಮೈಕ್ ಹಿಡಿದವರು ಒಬ್ಬರೂ ಇರಲಿಲ್ಲ. ಒಂದು ಕಾರ್ಖಾನೆಯವರು ಹೊರಬಂದದ್ದನ್ನು ಕಂಡು ಮತ್ತೊಂದು ಕಾರ್ಖಾನೆಯವರು ಬಂದರು, ಅಷ್ಟೇ.

ಮರುದಿನ ಅದು ತುಮಕೂರು ರಸ್ತೆ, ಜಾಲಹಳ್ಳಿ ಕ್ರಾಸ್‌ವರೆಗೂ ಹಬ್ಬಿತು. ಬಸ್ಸುಗಳಿಗೆ ಬೆಂಕಿ ಬಿದ್ದದ್ದು ನಿಜ, ಅದು ಆಗಬಾರದಿತ್ತು ಎಂದು ಈಗಲೂ ಹೇಳುತ್ತೇನೆ. ಆದರೆ ಲಾಠಿ ಏಟು ತಿಂದು, ಚಪ್ಪಲಿ ಕಳೆದುಕೊಂಡು ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ಮನೆಗೆ ನಡೆದವರನ್ನೂ ನಾನು ಕಂಡಿದ್ದೇನೆ. ಬಸ್ಸಿನ ಚಿತ್ರವನ್ನು ನೆನಪಿಡುವವರು ಅವರನ್ನು ಮರೆಯಬಾರದು. ಅದೇ 19ರಂದು ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅವರು ಆದೇಶವನ್ನು ಹಿಂಪಡೆಯುವುದಾಗಿ ಪ್ರಕಟಿಸಿದರು. ನಮಗಷ್ಟೇ ಅಲ್ಲ ಚಿಕ್ಕಪ್ಪ, ದೇಶದಲ್ಲಿ ಪಿಎಫ್ ಕಟ್ಟುವ ಗಂಡಸರಿಗೂ ಆ ಹಣ ತೆಗೆಯುವ ಹಕ್ಕು ಉಳಿಯಿತು.

ಆದ್ದರಿಂದ ಆ ಫೋಟೊವನ್ನು ಇನ್ನೊಬ್ಬರಿಗೆ ಕಳಿಸುವ ಮೊದಲು ನಮ್ಮೂರ ಅಂಗನವಾಡಿ ಟೀಚರನ್ನು ಒಮ್ಮೆ ಮಾತನಾಡಿಸಿ. ಅವರ ದುಡಿಮೆಗೆ ಕೊಡುವುದನ್ನು ಸರ್ಕಾರ ಇಂದಿಗೂ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತದೆ.